ಮಕ್ಕಳ ಕಲ್ಲಿನ ಡಬ್ಬಿಯ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ದೀಪಾವಳಿ ರಜೆ ಮುಗಿಸಿ ಬಂದ ದಿನ ಏಳನೇ ತರಗತಿಯ ಮಕ್ಕಳು ನನ್ನ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ ಡಬ್ಬಿ ತಂದಿಟ್ಟರು. ಒಳಗೆ ನಾಲ್ಕು ವಸ್ತುಗಳಿದ್ದವು. ಬಿಳಿಯಾಗಿ, ಹಗುರವಾಗಿ, ದೋಣಿಯ ಹಾಗಿದ್ದ ಒಂದು ತುಂಡು. ತೂತು ತೂತಾದ ಮುರಕಲ್ಲಿನ (ಲ್ಯಾಟರೈಟ್) ಚೂರು. ಜರೀಗಿಡದ ಎಲೆ ಮೂಡಿದಂತೆ ಕಾಣುವ ಕಡಪ ಕಲ್ಲಿನ ತುಂಡು. ಗಟ್ಟಿ ಮರಳಿನೊಳಗೆ ಅಂಟಿಕೊಂಡ, ಎರಡು ಹೋಳಿನ ಕಡಲ ಜೀವಿ ಮರುವಾಯಿಯ ಎರಡು ಚಿಪ್ಪು. "ಟೀಚರ್, ನಾಲ್ಕೂ ಫಾಸಿಲ್" ಎಂದರು. ಫಾಸಿಲ್ ಎಂದರೆ ಪಳೆಯುಳಿಕೆ, ಕಲ್ಲಿನಲ್ಲಿ ಉಳಿದ ಹಳೆಯ ಕಾಲದ ಜೀವಿಯ ಗುರುತು.

ಅದೇ ಮಾತಿನ ನಡುವೆ ಒಬ್ಬಳು ಹುಡುಗಿ ಕೇಳಿದಳು: "ನಮ್ಮ ಅಜ್ಜಿ ಮನೆಯ ದೇವರ ಕೋಣೆಯಲ್ಲಿ ಸಾಲಿಗ್ರಾಮ ಇದೆ. ಅದೂ ಫಾಸಿಲಾ?"

ಹೌದು ಎಂದೆ. ಸಂಜೆ ನನಗೆ ಎರಡು ಫೋನ್ ಬಂದವು. ಒಬ್ಬರಿಗೆ ನೋವಾಗಿತ್ತು. "ದೇವರನ್ನು ಸತ್ತ ಪ್ರಾಣಿ ಎಂದು ಮಕ್ಕಳಿಗೆ ಹೇಳಿಕೊಡ್ತೀರಾ?" ಎಂದು ಕೇಳಿದರು. ಇನ್ನೊಬ್ಬರು "ಹಾಗಾದರೆ ನಾವೂ ಮಗನನ್ನು ಕರ್ಕೊಂಡು ಕಡಲ ಬದಿಯಲ್ಲಿ ಹುಡುಕಬಹುದಾ?" ಎಂದು ಕೇಳಿದರು. ಇಬ್ಬರಿಗೂ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಈ ಪತ್ರ.

ಮೊದಲು ಸಾಲಿಗ್ರಾಮದ ಮಾತು. ಅದು ನೇಪಾಳದ ಕಾಲಿ ಗಂಡಕಿ ನದಿಯಲ್ಲಿ, ಮುಕ್ತಿನಾಥದ ಕಡೆಯಲ್ಲಿ ಸಿಗುವ ಕಪ್ಪು ಕಲ್ಲು. ಮುಕ್ತಿನಾಥ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಆದರೆ ಆ ಕಲ್ಲಿನೊಳಗಿನ ಚಕ್ರ ಕಡಲಿನದು. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಎಂಬ ಸಮುದ್ರ ಇತ್ತು. ಅದರಲ್ಲಿ ಅಮೋನೈಟ್ ಎಂಬ ಜೀವಿಗಳು ಸುರುಳಿ ಚಿಪ್ಪು ಹೊತ್ತು ಈಜುತ್ತಿದ್ದವು. ಸತ್ತ ಮೇಲೆ ಚಿಪ್ಪು ಕೆಸರಲ್ಲಿ ಹೂತುಹೋಯಿತು. ಕೆಸರು ಕಲ್ಲಾಯಿತು. ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿದಾಗ ಕಡಲ ತಳವೇ ಬೆಟ್ಟವಾಗಿ ಎದ್ದಿತು. ನದಿ ಆ ಬೆಟ್ಟವನ್ನು ಕೊರೆದು, ಕಲ್ಲುಗಳನ್ನು ಉರುಳಿಸಿ ನುಣುಪು ಮಾಡಿತು. ಅಮೋನೈಟ್‌ಗಳು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಹೋದ ಕಾಲದಲ್ಲೇ, ಪೂರ್ತಿ ಇಲ್ಲವಾದವು.

ಇದನ್ನು ತಿಳಿದರೆ ಪೂಜೆಗೆ ಏನೂ ಕಡಿಮೆಯಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಕೋಟದ ಪಕ್ಕದಲ್ಲಿ ಸಾಲಿಗ್ರಾಮ ಎಂಬ ಹೆಸರಿನ ಊರೇ ಇರುವ ಜಿಲ್ಲೆ ನಮ್ಮದು. ಇಲ್ಲಿ ಈ ಕಲ್ಲಿನ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಒಂದು ವಿಷಯ ನೋಡಿ. ಬಲ್ಲ ಹಿರಿಯರು ಸಾಲಿಗ್ರಾಮ ಕೈಗೆ ಬಂದರೆ ಏನು ಮಾಡುತ್ತಾರೆ? ಬಾಯಿ ಎಷ್ಟಿದೆ, ಎಲ್ಲಿದೆ ನೋಡುತ್ತಾರೆ. ಚಕ್ರ ಎಷ್ಟು, ಹೇಗೆ ಸುತ್ತಿದೆ ನೋಡುತ್ತಾರೆ. ಬಣ್ಣ, ಆಕಾರ, ನುಣುಪು ನೋಡುತ್ತಾರೆ. ಆಮೇಲೆ ಇದು ಲಕ್ಷ್ಮೀನಾರಾಯಣ, ಇದು ಸುದರ್ಶನ, ಇದು ನರಸಿಂಹ ಎನ್ನುತ್ತಾರೆ. ಭೂವಿಜ್ಞಾನಿಯೂ ಸುತ್ತು ಎಣಿಸುತ್ತಾರೆ. ಚಿಪ್ಪಿನ ಮೇಲಿನ ಏಣುಗಳನ್ನು ನೋಡುತ್ತಾರೆ. ಒಳಗಿನ ಕೋಣೆಗಳ ಗೋಡೆ ಚಿಪ್ಪಿಗೆ ತಾಗುವ ಕಡೆ ಎಲೆಯ ಅಂಚಿನ ಹಾಗೆ ಮೂಡುವ ಗೆರೆಯನ್ನು ಹುಡುಕುತ್ತಾರೆ. ಆಮೇಲೆ ತಮ್ಮ ಶಾಸ್ತ್ರದ ಪ್ರಕಾರ ಅದರ ಹೆಸರು ಹೇಳುತ್ತಾರೆ. ಇಬ್ಬರೂ ಮಾಡುವುದು ನಿಧಾನವಾಗಿ ನೋಡುವ ಕೆಲಸ, ಅಲ್ವಾ?

ಮಕ್ಕಳಿಗೆ ನಾನು ಸ್ಪಷ್ಟವಾಗಿ ಹೇಳಿದ್ದೇನೆ. ಮನೆಯ ಸಾಲಿಗ್ರಾಮವನ್ನು ಶಾಲೆಗೆ ತರಬಾರದು. ಮಡಿ ಇರುವ ಮನೆಯಲ್ಲಿ ಮುಟ್ಟಬಾರದು. ಅದರ ಮೇಲೆ ಯಾವ ಪರೀಕ್ಷೆಯನ್ನೂ ಮಾಡಬಾರದು. ಹಿರಿಯರು ಒಪ್ಪಿದರೆ ದೂರದಿಂದ ನೋಡಿ, ಚಿತ್ರ ಬಿಡಿಸಿಕೊಂಡು ಬರಲಿ.

ಈಗ ಡಬ್ಬಿಯ ವಿಷಯ. ಆ ಬಿಳಿ ತುಂಡು ಕೆಲವು ಮಕ್ಕಳು ಅಂದುಕೊಂಡಂತೆ ಡೈನೋಸಾರ್ ಎಲುಬಲ್ಲ. ಅದು ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಎಂಬ ಕಡಲ ಜೀವಿಯ ಒಳಚಿಪ್ಪು. ನಮ್ಮ ಮೀನುಗಾರಿಕೆ ಮನೆಗಳ ಮಕ್ಕಳು ನೋಡಿದ ಕೂಡಲೇ ಹೇಳಿಬಿಟ್ಟರು. ಉಳಿದವರಿಗೆ ಬೇಜಾರಾಯಿತು. ಆದರೆ ಆ ದಿನ ನಾವು ಅತಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ. ಮುರಿದು ಲೆನ್ಸ್ ಹಿಡಿದರೆ ಒಳಗೆ ತೆಳ್ಳಗಿನ ಮಹಡಿಗಳು, ಒಂದರ ಮೇಲೊಂದು. ಆ ಸಣ್ಣ ಕೋಣೆಗಳಲ್ಲಿ ಗಾಳಿ, ನೀರು ಹೆಚ್ಚು ಕಡಿಮೆ ಮಾಡಿಕೊಂಡು ಆ ಜೀವಿ ಕಡಲಲ್ಲಿ ತೇಲುತ್ತದೆ. ಅಮೋನೈಟ್‌ನ ಸುರುಳಿಯೂ ಹೀಗೆ ಕೋಣೆ ಕೋಣೆಯಾಗಿತ್ತು. ಈಗ ಬದುಕಿರುವವುಗಳಲ್ಲಿ ಅಮೋನೈಟ್‌ನ ಹತ್ತಿರದ ನೆಂಟರು ಬೊಂಡಾಸ್, ಕಪ್ಪೆ ಬೊಂಡಾಸ್, ಆಕ್ಟೋಪಸ್ ಜಾತಿಯವೇ. ಹಾಗಾಗಿ ಆ ಬಿಳಿ ತುಂಡು ಪಳೆಯುಳಿಕೆ ಅಲ್ಲದಿದ್ದರೂ ಪಳೆಯುಳಿಕೆಯನ್ನು ಅರ್ಥ ಮಾಡಿಸುವ ಪಾಠ.

ಮುರಕಲ್ಲಿನ ತೂತುಗಳು ಹುಳ ಕೊರೆದದ್ದಲ್ಲ. ಲಕ್ಷಾಂತರ ಮಳೆಗಾಲ ಕಲ್ಲನ್ನು ತೊಳೆದು, ಕರಗುವುದೆಲ್ಲ ಕರಗಿ, ಕಬ್ಬಿಣ ಉಳಿದು ಗಟ್ಟಿಯಾದ ಕಲ್ಲು ಅದು. ಕಡಪ ಕಲ್ಲಿನ ಜರೀಗಿಡಕ್ಕೆ ಎಷ್ಟೋ ಸಲ ದೊಡ್ಡವರೂ ಮೋಸಹೋಗುತ್ತಾರೆ. ಬಿರುಕಿನೊಳಗೆ ನೀರು ಇಳಿದಾಗ ಮ್ಯಾಂಗನೀಸ್ ಎಂಬ ಲೋಹದ ಖನಿಜ ಹಾಗೆ ಕವಲೊಡೆದು ಹರಡುತ್ತದೆ. ಮರಗಿಡಗಳು ಭೂಮಿಯಲ್ಲಿ ಹುಟ್ಟುವ ಎಷ್ಟೋ ಮೊದಲೇ ಆದ ಕಲ್ಲು ಅದು. ಅದರಲ್ಲಿ ಎಲೆ ಇರಲು ಸಾಧ್ಯವೇ ಇಲ್ಲ.

ಇಷ್ಟು ಕಡಲು ಇದ್ದೂ ನಮ್ಮ ಉಡುಪಿಯಲ್ಲಿ ಹಳೆಯ ಸಮುದ್ರ ಜೀವಿಗಳ ಕಲ್ಲು ಯಾಕೆ ಸಿಗುವುದಿಲ್ಲ ಎಂದು ಮಕ್ಕಳು ಕೇಳಿದರು. ಒಳ್ಳೆಯ ಪ್ರಶ್ನೆ. ಪಳೆಯುಳಿಕೆ ಉಳಿಯಬೇಕಾದರೆ ಕೆಸರು, ಮರಳು, ಸುಣ್ಣ ಪದರ ಪದರವಾಗಿ ಕೂತು ಕಲ್ಲಾಗಬೇಕು. ನಮ್ಮ ಕಾಲ ಕೆಳಗೆ ಇರುವುದು ಜಾಸ್ತಿ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು, ಮೇಲೆ ಮುರಕಲ್ಲು. ಮಲ್ಪೆಯಿಂದ ಕಾಣುವ ಸೈಂಟ್ ಮೇರೀಸ್ ದ್ವೀಪದ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ ತಣ್ಣಗಾಗಿ, ಬಿರುಕು ಬಿಟ್ಟು ಆರು ಮೂಲೆಯ ಕಂಬಗಳಾದವು. ಬೆಂಕಿಯಿಂದ ಬಂದ ಕಲ್ಲಿನಲ್ಲಿ ಚಿಪ್ಪು ಉಳಿಯುವುದಿಲ್ಲ. ಆದರೆ ಅದೇ ಯುಗದಲ್ಲಿ ತಮಿಳುನಾಡಿನ ಅರಿಯಲೂರು ಕಡಲ ಕೆಳಗಿತ್ತು. ಅಲ್ಲಿನ ನೀರಿನಲ್ಲಿ ಅಮೋನೈಟ್‌ಗಳಿದ್ದವು. ಇವತ್ತು ಅರಿಯಲೂರಿನ ಒಣ ಹೊಲಗಳಲ್ಲಿ, ಗುಜರಾತಿನ ಕಛ್‌ನಲ್ಲಿ ಅವು ಕಲ್ಲಾಗಿ ಸಿಗುತ್ತವೆ. ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದರೆ ಕೇರಳದ ಕೊಲ್ಲಂ ಬಳಿ ಅಷ್ಟಮುಡಿ ಹಿನ್ನೀರಿನ ದಡದ ಪಡಪ್ಪಕ್ಕರ. ಅಲ್ಲಿನ ಸುಣ್ಣಕಲ್ಲಿನಲ್ಲಿ ಒಂದೂವರೆ ಕೋಟಿ ವರ್ಷಕ್ಕೂ ಹಳೆಯ ಚಿಪ್ಪು, ಹವಳಗಳಿವೆ.

ಅರಿಯಲೂರಿನ ಹೆಸರು ಬರೆಯುವಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಬಿ.ಎಡ್. ಮುಗಿಸಿದ ವರ್ಷ ಗೆಳತಿಯರೊಂದಿಗೆ ಆ ಕಡೆ ಹೋಗಿದ್ದೆ. ಎರಡು ದಿನ ಬಿಸಿಲಲ್ಲಿ ನಡೆದು ಒಂದು ಬಟ್ಟೆ ಚೀಲ ತುಂಬ ಚಿಪ್ಪಿನ ಕಲ್ಲು ಆರಿಸಿದೆ. ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಒಂದಕ್ಕೂ ಚೀಟಿ ಬರೆಯಲಿಲ್ಲ. ಊರಿಗೆ ಬಂದು ಭೂವಿಜ್ಞಾನ ಕಲಿಸುವವರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಎರಡೇ: "ಯಾವ ಹಳ್ಳ? ಯಾವ ಪದರ?" ನನಗೆ ಗೊತ್ತಿರಲಿಲ್ಲ. ಒಂದು ಕಲ್ಲನ್ನು ಅವರು ತುಂಬಾ ಹೊತ್ತು ತಿರುಗಿಸಿ ನೋಡಿ ಸುಮ್ಮನೆ ಹಿಂದೆ ಕೊಟ್ಟರು. ಆ ಚೀಲ ಇನ್ನೂ ನನ್ನ ಹತ್ತಿರ ಇದೆ. ಚೆಂದದ ಕಲ್ಲುಗಳು. ಆದರೆ ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ದೊಡ್ಡ ಬೇಡಿಕೆ ಇದೊಂದೇ. ಮಗು ಕಲ್ಲೋ ಚಿಪ್ಪೋ ಹಿಡಿದು ಬಂದರೆ "ಕಸ, ಬಿಸಾಡು" ಎನ್ನಬೇಡಿ. ಕೂಡಲೇ ಫೋನಿನಲ್ಲಿ ಫೋಟೋ ತೆಗೆದು ಹೆಸರು ಹುಡುಕಿಕೊಡಲೂ ಬೇಡಿ. ಫೋನ್ ಯಾವುದೋ ಒಂದು ಹೆಸರು ಹೇಳಿಬಿಡುತ್ತದೆ, ಮಗು ನೋಡುವುದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಮೊದಲು "ಎಲ್ಲಿ ಸಿಕ್ಕಿತು?" ಎಂದು ಕೇಳಿ. ಊರು, ಜಾಗ, ದಿನ, ಯಾರು ಕಂಡದ್ದು ಇಷ್ಟನ್ನು ಪೆನ್ಸಿಲ್‌ನಲ್ಲಿ ಚೀಟಿಯ ಮೇಲೆ ಬರೆಸಿ, ವಸ್ತುವಿನ ಜೊತೆಯಲ್ಲೇ ಪೇಪರಿನಲ್ಲಿ ಸುತ್ತಿಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗುತ್ತದೆ. ನೆಲಕ್ಕೆ ಅಂಟಿದ ಕಲ್ಲಾದರೆ ಒಡೆಯುವುದು ಬೇಡ, ಇದ್ದಲ್ಲೇ ಫೋಟೋ ಸಾಕು.

ಗುರುತಿಸುವ ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಮರುವಾಯಿ ಸುಕ್ಕ ಮಾಡಿದ ದಿನ ನಾಲ್ಕು ಚಿಪ್ಪು ತೊಳೆದು ಮಗುವಿಗೆ ಕೊಡಿ. ಮರುವಾಯಿಯ ಎರಡು ಹೋಳುಗಳು ಒಂದಕ್ಕೊಂದು ಕನ್ನಡಿಯಂತೆ ಹೊಂದುತ್ತವೆ. ಆದರೆ ಒಂದೇ ಹೋಳನ್ನು ನಡುವೆ ಗೆರೆ ಎಳೆದು ನೋಡಿದರೆ ಎಡ ಬಲ ಸರಿಸಮ ಇರುವುದಿಲ್ಲ. ಬ್ರಾಕಿಯೋಪಾಡ್ ಎಂಬ ಇನ್ನೊಂದು ಜೀವಿ ಇದೆ. ಹಳೆಯ ಕಡಲುಗಳಲ್ಲಿ ಅದು ತುಂಬಾ ಇತ್ತು. ನೋಡಲು ಮರುವಾಯಿಯ ಹಾಗೆಯೇ. ಅದರಲ್ಲಿ ಉಲ್ಟಾ. ಒಂದು ಹೋಳಿನ ಎಡ ಬಲ ಸಮ, ಎರಡು ಹೋಳುಗಳು ಮಾತ್ರ ಬೇರೆ ಬೇರೆ. ಈ ಒಂದು ಗುರುತು ಗೊತ್ತಿದ್ದರೆ ಮಗು ಯಾವ ಮ್ಯೂಸಿಯಂನಲ್ಲೂ ಎರಡನ್ನು ಬೇರೆ ಮಾಡಬಲ್ಲದು. ವಿನೆಗರ್ ಹಾಕಿ ನೊರೆ ಬಂದರೆ ಫಾಸಿಲ್ ಎಂದು ಕೆಲವು ಮಕ್ಕಳು ನಂಬಿದ್ದಾರೆ. ಹಾಗಲ್ಲ. ನೊರೆ ಬಂದರೆ ಸುಣ್ಣ ಇದೆ ಎಂದಷ್ಟೇ ಅರ್ಥ. ನಿನ್ನೆಯ ಚಿಪ್ಪಿಗೂ ನೊರೆ ಬರುತ್ತದೆ.

ಬೋಟಿಗೆ ಹೋಗುವ ಅಪ್ಪಂದಿರಿಗೆ, ಮಾವಂದಿರಿಗೆ ಒಂದು ವಿಶೇಷ ಮಾತು. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಈಗಿನದ್ದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಇವತ್ತು ನೀವು ಬಲೆ ಎಳೆಯುವ ಎಷ್ಟೋ ಜಾಗ ಆಗ ಒಣ ನೆಲ. ಬಲೆಯಲ್ಲಿ ಚಿಪ್ಪು ಅಂಟಿದ ಕಲ್ಲು ಬಂದರೆ ವಾಪಸ್ ಬಿಸಾಡುವ ಮೊದಲು ಒಂದು ಫೋಟೋ ತೆಗೆಯಿರಿ. ಎಷ್ಟು ಮಾರು ಆಳ, ಯಾವ ದಿಕ್ಕು ಎಂದು ಬರೆದಿಡಿ. ಜಿಪಿಎಸ್ ಇದ್ದರೆ ಆ ನಂಬರನ್ನೂ ಬರೆಯಿರಿ. ನಿಮ್ಮಷ್ಟು ಚೆನ್ನಾಗಿ ಆ ಜಾಗ ಯಾವ ಪುಸ್ತಕಕ್ಕೂ ಗೊತ್ತಿಲ್ಲ.

ಕೆಲವು ಎಚ್ಚರಿಕೆಗಳಿವೆ. ಹವಳ, ಕಡಲಕುದುರೆ, ಕೆಲವು ಜಾತಿಯ ದೊಡ್ಡ ಶಂಖ ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಸತ್ತು ದಡಕ್ಕೆ ಬಂದಿದ್ದರೂ ಮನೆಗೆ ತರಬೇಡಿ. ಸೈಂಟ್ ಮೇರೀಸ್ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿಂದ ಒಂದು ಚೂರು ಕಲ್ಲನ್ನೂ ಎತ್ತಬಾರದು. ಆನ್‌ಲೈನಿನಲ್ಲಿ ಫಾಸಿಲ್ ಕೊಡಿಸಿ ಎಂದು ಮಕ್ಕಳು ಹಟ ಮಾಡಿದರೆ ದಯವಿಟ್ಟು ಒಪ್ಪಬೇಡಿ. ರಾಳ, ಪ್ಲಾಸ್ಟರ್‌ನಲ್ಲಿ ಅಚ್ಚು ಹಾಕಿದ ನಕಲಿಗಳು ತುಂಬಾ ಮಾರಾಟವಾಗುತ್ತವೆ. ನಿಜವಾದದ್ದೇ ಬಂದರೂ ಎಲ್ಲಿಯದ್ದು ಎಂದು ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಮಕ್ಕಳು ಕಡಲ ಬದಿಗೆ ಹುಡುಕಲು ಹೋಗುವುದೇ ಬೇಡ. ಉಳಿದ ದಿನ ದೊಡ್ಡವರು ಜೊತೆಗಿದ್ದು, ನೀರು ಇಳಿಯುವ ಹೊತ್ತು ನೋಡಿಕೊಂಡು ಹೋಗಿ.

ಇಂಗ್ಲೆಂಡಿನ ಲೈಮ್ ರೀಜಿಸ್ ಎಂಬ ಕಡಲೂರಿನ ಮೇರಿ ಆನಿಂಗ್ ಕಥೆಯನ್ನು ಮಕ್ಕಳಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದ್ದೇನೆ. ಬಡಗಿಯ ಮಗಳು. 1799ರಲ್ಲಿ ಹುಟ್ಟಿದವಳು. ಅಣ್ಣ ಒಂದು ದೊಡ್ಡ ತಲೆಬುರುಡೆ ಕಂಡ. ಮರುವರ್ಷ, 1812ರಲ್ಲಿ, ಉಳಿದ ದೇಹವನ್ನು ಇವಳು ಬಂಡೆಯಲ್ಲಿ ಪತ್ತೆ ಮಾಡಿದಳು. ಅದು ಇಕ್ತಿಯೋಸಾರ್ ಎಂಬ ಕಡಲ ಸರೀಸೃಪ. ಆಗ ಅವಳಿಗೆ ಹನ್ನೆರಡು ದಾಟಿತ್ತಷ್ಟೆ. ನಮ್ಮ ಏಳನೇ ತರಗತಿಯ ವಯಸ್ಸು. ಕಥೆ ಮುಗಿದ ಮೇಲೆ ಮಕ್ಕಳು ಎಷ್ಟೋ ಹೊತ್ತು ಮಾತಾಡಲಿಲ್ಲ.

ಡಿಸೆಂಬರ್‌ನ ಮೊದಲ ಶನಿವಾರದಿಂದ ತರಗತಿ ಮುಗಿದ ಮೇಲೆ ಒಂದು ಗಂಟೆ ಡಬ್ಬಿಯ ಕೆಲಸ, ಅಂದರೆ ಸಿಕ್ಕ ವಸ್ತುಗಳನ್ನು ನೋಡಿ ಚೀಟಿ ಬರೆಯುವ ಕೆಲಸ, ನಡೆಯುತ್ತದೆ. ಶಾಲೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಆರು ಲೆನ್ಸ್ ತರಿಸಿದ್ದೇವೆ, ನೀವು ಖರ್ಚು ಮಾಡಬೇಕಾಗಿಲ್ಲ. ಖಾಲಿ ಬೆಂಕಿಪೆಟ್ಟಿಗೆ, ಹಳೆಯ ಪೇಪರ್, ಒಂದು ನೋಟ್‌ಬುಕ್ ಕಳಿಸಿದರೆ ಸಾಕು. ಜನವರಿಯಲ್ಲಿ ಮಕ್ಕಳನ್ನು ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದೆ. ಒಪ್ಪಿಗೆ ಚೀಟಿ ಈ ಪತ್ರದ ಜೊತೆಗಿದೆ. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ. ಬೇಡ ಅನಿಸಿದರೆ ಹಾಗೆಂದೇ ಬರೆಯಿರಿ, ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ಫೋನ್ ಮಾಡಿ ನೋವು ಹೇಳಿಕೊಂಡ ಅಮ್ಮನವರು ಒಂದು ಶನಿವಾರ ಬಂದು ನಮ್ಮ ಜೊತೆ ಕೂತರೆ ನನಗೆ ತುಂಬಾ ಸಂತೋಷ.

ಡಬ್ಬಿಯ ನಾಲ್ಕನೆಯ ವಸ್ತುವಿನ ಮಾತು ಬಾಕಿ ಇದೆ. ಗಟ್ಟಿ ಮರಳಿನಲ್ಲಿ ಹೂತ ಆ ಎರಡು ಮರುವಾಯಿ ಚಿಪ್ಪುಗಳಿಗೆ ನೂರು ವರ್ಷವೋ, ಸಾವಿರಾರು ವರ್ಷವೋ, ನೋಡಿ ಹೇಳಲು ಬರುವುದಿಲ್ಲ. ತಂದ ಹುಡುಗನಿಗೆ ಅದು ಅವನ ಮಾವನ ಕೈಯಿಂದ ಬಂದದ್ದು ಎಂದಷ್ಟೇ ಗೊತ್ತು. ಮಾವ ಬೋಟಿನಲ್ಲಿದ್ದಾರೆ. ಬಂದ ಕೂಡಲೇ ಕೇಳುತ್ತೇನೆ ಎಂದಿದ್ದಾನೆ. ಅಲ್ಲಿವರೆಗೆ ಅದರ ಚೀಟಿಯಲ್ಲಿ "ಸಿಕ್ಕ ಜಾಗ" ಎಂಬುದರ ಮುಂದೆ ಖಾಲಿ ಬಿಟ್ಟಿದ್ದೇವೆ.

ಇಂತಿ ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ