ಮುಂಡಿಗೆಯ ಬುಡದ ಕಲ್ಲು

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ನಮ್ಮ ಹಳೇ ಮನೆಯ ರಿಪೇರಿಗೆ ನೀನು ಹಾಕಿದ ನಕ್ಷೆಗಳನ್ನೆಲ್ಲ ನಿಧಾನವಾಗಿ ನೋಡಿದೆ. ಮನೆ ಯಾಕೆ ರಿಪೇರಿ ಆಗಬೇಕು, ಖರ್ಚು ಯಾರದು, ಅದೆಲ್ಲ ಮಾತಾಗಿ ಮುಗಿದಿದೆ, ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಎಲ್ಲಾ ಮುಗಿದ ಮೇಲೆ ಒಳಗೆ ಕಾಲಿಟ್ಟಾಗ ಅತ್ತೆಗೆ ಇದು ತನ್ನ ಮನೆ ಅನ್ನಿಸದೆ ಹೋದರೆ?" ಅಂತ. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಮಾತನ್ನು ನಾನೂ ಒಂದು ಸಲ ಕೇಳಬೇಕಾಗಿತ್ತು ಪುಟ್ಟಿ. ಕೇಳಲಿಲ್ಲ.

1986ರ ಬೇಸಿಗೆ. ನನ್ನ ಕೆಲಸ ಖಾಯಂ ಆಗಿ, ಕೈಯಲ್ಲಿ ಮೊದಲ ಸಲ ಸ್ವಲ್ಪ ದುಡ್ಡು ಓಡಾಡುತ್ತಿತ್ತು. ಮಳೆಗಾಲ ಬಂದರೆ ಗೋಡೆಯ ಬುಡ ಒದ್ದೆ, ಸುಣ್ಣ ಉದುರುತ್ತೆ, ಅಮ್ಮ ಪ್ರತಿ ವರ್ಷ ಸುಣ್ಣ ಬಳಿದು ಬಳಿದು ಸೊಂಟ ಹಿಡಿದುಕೊಂಡು ಕೂರುತ್ತಾಳೆ ಅನ್ನುವುದು ನನ್ನ ಕೊರಗು. ನಾಲ್ಕಡಿಯವರೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ಜನ್ಮದಲ್ಲಿ ಒದ್ದೆ ಆಗಲ್ಲ ಅಂತ ಮೇಸ್ತ್ರಿ ಹೇಳಿದ. ಮಾಡಿಸಿದೆ. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೆಯದಕ್ಕೆ ಒದ್ದೆ ಸಿಮೆಂಟನ್ನೂ ದಾಟಿ ಆರಡಿಯ ಮೇಲೆ ಕಾಣಿಸಿಕೊಂಡಿತು. ಜಂಬಿಟ್ಟಿಗೆ ಗೋಡೆ ನೆಲದ ನೀರನ್ನು ಹೀರುತ್ತದೆ. ಸುಣ್ಣದ ಗಿಲಾವು ಇದ್ದಾಗ ಆ ತೇವ ಅಲ್ಲಲ್ಲೇ ಆರಿಹೋಗುತ್ತಿತ್ತು. ಸಿಮೆಂಟು ಅದರ ದಾರಿ ಮುಚ್ಚಿತು, ನೀರು ಮೇಲೆ ಹತ್ತಿತು. ನಾನು ರೋಗ ಅಂದುಕೊಂಡಿದ್ದ ಉದುರುವ ಸುಣ್ಣವೇ ಅಷ್ಟು ವರ್ಷ ಗೋಡೆಯನ್ನು ಕಾಯುತ್ತಿತ್ತು.

ಅದೇ ವರ್ಷ ಪಡಸಾಲೆಯ ಕಾವಿ ನೆಲದ ಮೇಲೆ ಮೊಸಾಯಿಕ್ ಟೈಲ್ಸ್ ಹಾಕಿಸಿದೆ. ನೆಲ ಎರಡು ಇಂಚು ಎದ್ದಿತು. ಹಲಸಿನ ಮುಂಡಿಗೆ ಕಂಬಗಳ ಕೆಳಗಿದ್ದ ಕಲ್ಲುಗಳು ಹೂತುಹೋದವು. ಮರದ ಕಾಲು ಒದ್ದೆ ನೆಲಕ್ಕೆ ತಾಗಬಾರದು ಅಂತಲೇ ಹಿರಿಯರು ಆ ಕಲ್ಲು ಇಟ್ಟಿದ್ದರು. ಅಲ್ಲಿಂದ ಮುಂದೆ ನೆಲ ಒರೆಸಿದ ನೀರೆಲ್ಲ ಮರಕ್ಕೇ ಹೋಯಿತು. ಫೋಟೋದಲ್ಲಿ ಗುರುತು ಹಾಕಿ "ಬುಡ ಕೊಳೆತಿದೆ, ಕಾರಣ ಗೊತ್ತಿಲ್ಲ" ಅಂತ ಬರೆದಿದ್ದೀಯಲ್ಲ, ಕಾರಣ ನಾನು.

ಅಮ್ಮ ಬೈಯಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಆ ಮುಂಡಿಗೆಗೆ ಒರಗಿ, ತಣ್ಣನೆಯ ಕಾವಿ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದವಳು, ಆಮೇಲೆ ಕೊಟ್ಟಿಗೆ ಬದಿಯ ಜಗಲಿಗೆ ಹೋಗಿ ಕೂರತೊಡಗಿದಳು. "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಅಂದಳು. ನಾನು ನಂಬಿದೆ. ಸಾಯುವವರೆಗೂ ಅಲ್ಲೇ ಕೂತಳು. ನೀನು ಹೆದರುತ್ತಿರುವುದು ಯಾವುದಕ್ಕೋ ಅದು ಈ ಮನೆಯಲ್ಲಿ ಆಗಲೇ ಒಂದು ಸಲ ಆಗಿಹೋಗಿದೆ. ತನ್ನ ಮನೆ ಅನ್ನಿಸದೆ ಹೋದದ್ದು ಅಮ್ಮನಿಗೆ.

ಇದನ್ನೆಲ್ಲ ಹೇಳಿ ನಿನ್ನ ಕೈ ಕಟ್ಟಿಹಾಕುತ್ತಿದ್ದೇನಾ ಅಂತಲೂ ಅಳುಕು. ಹಾಗೆ ಮಾಡಿಕೊಳ್ಳಬೇಡ. ಏನನ್ನೂ ಮುಟ್ಟದೆ ಇಡುವುದು ಮನೆಗೆ ಒಳ್ಳೆಯದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದಾಗ ನಾನು ಅತ್ತುಬಿಟ್ಟಿದ್ದೆ, ನೆನಪಿದೆಯಾ? ಅವರು ಇಲ್ಲದಿದ್ದರೆ ಅಷ್ಟೂ ಮಣ್ಣಾಗುತ್ತಿತ್ತು. ಆದರೆ ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ನಮ್ಮ ಮನೆಯಲ್ಲಿ ನೀನು ಅಡುಗೆ ಮಾಡಬೇಕು, ರಾತ್ರಿ ಎದ್ದರೆ ಬಚ್ಚಲು ಹತ್ತಿರ ಇರಬೇಕು. ಅದು ತಪ್ಪಲ್ಲ.

ಹೆಂಚಿನ ವಿಷಯವನ್ನೇ ತಗೋ. ಹೆಂಚು ತೆಗೆಯಬಾರದು, ಅದೇ ಮನೆಯ ಜೀವ ಅಂತ ಬರೆದಿದ್ದೀಯ. ಸರಿ. ಆದರೆ ನನ್ನ ಅಜ್ಜ ಸೋಗೆ ತೆಗೆಸಿ ಮಂಗಳೂರು ಹೆಂಚು ಹೊದೆಸಿದಾಗ ಊರಿಗೆ ಅದು ಹೊಸ ಸಾಮಾನು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಅಜ್ಜಿಗೂ ಅವತ್ತು "ಇದು ನಮ್ಮ ಮನೆಯಾ" ಅನ್ನಿಸಿತ್ತೋ ಏನೋ. ಹೆಂಚಿನಿಂದ ಮನೆ ಕೆಡಲಿಲ್ಲ. ಅದು ಮಳೆಯನ್ನೂ ಸೂರನ್ನೂ ಅರ್ಥ ಮಾಡಿಕೊಂಡು ಬಂತು. ನನ್ನ ಸಿಮೆಂಟು ಹಾಗೆ ಬರಲಿಲ್ಲ.

ನಿನ್ನ ನಕ್ಷೆಯಲ್ಲಿ ಎರಡು ಕಡೆ ಮನಸ್ಸು ಕಸಿವಿಸಿ ಆಯಿತು. ಒಂದು, ಮನೆ ನಡುವಿನ ತೆರೆದ ತೊಟ್ಟಿಯ ಮೇಲೆ ಗಾಜು. ಎರಚಲು ಹೊಡೆಯುತ್ತೆ, ಒಪ್ಪುತ್ತೇನೆ. ಆದರೆ ಒಳಗಿನ ಬಿಸಿಗಾಳಿ ಮೇಲೆ ಹೋಗುವ ದಾರಿ ಅದೊಂದೇ. ಹಾಕಲೇಬೇಕು ಅಂದರೆ ಎತ್ತರಿಸಿ, ಸುತ್ತ ಗಾಳಿ ಆಡುವಷ್ಟು ಬಿಟ್ಟು ಹಾಕು. ಇನ್ನೊಂದು, ತಮಿಳುನಾಡಿನ ಕಾರೈಕುಡಿಯಿಂದ ತರಿಸುವ ಕೆತ್ತನೆಯ ಕಂಬಗಳು. ಅವು ಚೆಟ್ಟಿನಾಡಿನ ಯಾರದೋ ಮನೆ ಕೆಡವಿದಾಗ ಬಂದವು ಮಗೂ. ನಮ್ಮದು ಬೋಳು ಮುಂಡಿಗೆಗಳ ಮನೆ. ಬೋಳಾಗೇ ಇರಲಿ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ನೀನೇ ಕರೆದುಕೊಂಡು ಹೋಗಿದ್ದೆಯಲ್ಲ, 2009ರಲ್ಲಿ ಆರ್ಟ್ ಗ್ಯಾಲರಿ ಮಾಡಿದ್ದು. ಹಳೇ ಬಂಗಲೆಯ ಜೊತೆಗೆ ಕಟ್ಟಿದ ಭಾಗ ಹೊಸದಾಗಿಯೇ ಕಾಣುತ್ತದೆ, ಹಳೆಯದರ ವೇಷ ಹಾಕಿಲ್ಲ. ನನಗೆ ಅದು ಹಿಡಿಸಿತ್ತು. ನಿನ್ನ ಅಡುಗೆಮನೆಯ ಸ್ಟೀಲ್ ಕಟ್ಟೆ ಹಾಗೇ ಇರಲಿ, ಚೆನ್ನಾಗಿದೆ. ಗೋಡೆಗೆ ಮೊಳೆ ಹೊಡೆಯದೆ ತನ್ನ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿಸು, ಅಷ್ಟೇ. ಮುಂದೆ ಯಾರಿಗಾದರೂ ಬೇಡ ಅನ್ನಿಸಿದರೆ ಎತ್ತಿಡಬಹುದು. ನನ್ನ ಟೈಲ್ಸ್ ಎತ್ತಿಡಲು ಬರಲಿಲ್ಲ.

ವೈರಿಂಗ್‌ಗೂ ಗೋಡೆ ಕೊರೆಸಬೇಡ, ಹೊರಗೇ ಓಡಲಿ. ಸಿಮೆಂಟ್ ಕೆತ್ತಿಸಿದ ಮೇಲೆ ಒಂದು ಪೂರ್ತಿ ಬೇಸಿಗೆ ಗೋಡೆಯನ್ನು ಸುಮ್ನೆ ಬಿಡು, ಆರಲಿ. ಆಮೇಲೆ ಸುಣ್ಣದ ಗಿಲಾವು. ಇದೆಲ್ಲ ನೀನು ಓದಿ ಕಲಿತದ್ದೇ ಇರಬಹುದು. ಬಾಯಿಗೆ ಬಂದದ್ದನ್ನು ಬರೆದೆ, ಜಾಸ್ತಿ ಆಯಿತು ಅನ್ನಿಸಿದರೆ ಬಿಟ್ಟುಬಿಡು.

ನನಗೆ ಮನೆ ಅನ್ನಿಸುತ್ತಾ ಇಲ್ವಾ ಅಂತ ಈಗಲೇ ಹೇಳಲಾರೆ. 1986ರಿಂದ ನನಗೇ ಅದು ಪೂರ್ತಿ ಅನ್ನಿಸಿಲ್ಲ, ಇದನ್ನು ನಿನ್ನ ಅಪ್ಪನಿಗೂ ಹೇಳಿರಲಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆ ಒಂದು ಸಲ ಬಾ. ಕೆಲಸದವರು ಯಾರೂ ಬೇಡ, ನಾವಿಬ್ಬರೇ. ಅಮ್ಮ ಒರಗುತ್ತಿದ್ದ ಮುಂಡಿಗೆಯ ಸುತ್ತ ನಾಲ್ಕು ಟೈಲ್ ಎಬ್ಬಿಸಿ, ಕೆಳಗೆ ಕಾವಿ ಉಳಿದಿದೆಯಾ ನೋಡೋಣ.

ನಿನ್ನ ಅತ್ತೆ