ಇರಾಕ್, ಅಫ್ಘಾನಿಸ್ತಾನದಲ್ಲಿ ಇದ್ದು ಬಂದವರು ಓದಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಯಲ್ಲಿ ಇದ್ದು ಬಂದವರು, ಅವರ ಮನೆಯವರು ಈ ಗುಂಪಿನಲ್ಲಿ ಇದ್ದೀರಲ್ಲ, ನಿಮಗೇ ಇದು. ಬರ್ನ್ ಪಿಟ್ ರಿಜಿಸ್ಟ್ರಿ ಅಂದರೆ ಸೇನಾ ನೆಲೆಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆ ತಾಗಿರಬಹುದಾದವರ ಪಟ್ಟಿ. ಅದಕ್ಕೆ ಸೇರಲು ಮೊದಲು ಉದ್ದದ ಪ್ರಶ್ನೆಪಟ್ಟಿ ತುಂಬಬೇಕಿತ್ತು, 2024ರ ಆಗಸ್ಟ್‌ನಿಂದ ಸೇನೆಯ ದಾಖಲೆ ನೋಡಿ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಅವರೇ ಹೆಸರು ಸೇರಿಸುತ್ತಾರೆ, ಬೇಡ ಅಂದರೆ ತೆಗೆಸಬಹುದು.

ಆದರೆ ಹೆಸರಿದೆ ಅಂತ ಸುಮ್ನೆ ಕೂರಬೇಡಿ. ಅದು ಸಂಶೋಧನೆಗೆ. ಪರಿಹಾರ ಬೇಕಾದರೆ ಕ್ಲೇಮ್ ಬೇರೆಯೇ ಹಾಕಬೇಕು. ಇದನ್ನೇ ಜಾಸ್ತಿ ಜನ ತಪ್ಪು ತಿಳಿದುಕೊಂಡಿದ್ದಾರೆ.

ಇರಾಕಿನ ಬಲದ್ ಸೇನಾ ನೆಲೆಯಲ್ಲಿ ಸುಮಾರು 10 ಎಕರೆ ಗುಂಡಿ, ಅದರೊಳಗೆ ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸ ಎಲ್ಲ ತಂದು ಹಾಕಿ, ವಿಮಾನದ ಇಂಧನ ಸುರಿದು ಬೆಂಕಿ ಹಚ್ಚುತ್ತಿದ್ದರು, ಆ ಹೊಗೆಯಲ್ಲೇ ಊಟ, ನಿದ್ದೆ. ಈಗ ಕೆಮ್ಮಿದರೆ 'ಅಲರ್ಜಿ ಅಷ್ಟೇ ಬಿಡಮ್ಮ' ಅಂತಾರೆ! ಸೇವೆಯ ನಂತರ ಗೊತ್ತಾದ ಅಸ್ತಮಾ ಕೂಡ 2022ರ ಪ್ಯಾಕ್ಟ್ ಕಾಯ್ದೆಯ ಪಟ್ಟಿಯಲ್ಲಿದೆ, ಅಂದರೆ ಇಂಥ ಹೊಗೆಯಿಂದ ಬಂದದ್ದು ಅಂತ ಸರ್ಕಾರ ಒಪ್ಪಿಕೊಳ್ಳುವ ಕಾಯಿಲೆಗಳ ಪಟ್ಟಿಯಲ್ಲಿ.

ವಿಎ ಆಸ್ಪತ್ರೆಗೆ ಹೋದಾಗ 'ಟಾಕ್ಸಿಕ್ ಎಕ್ಸ್‌ಪೋಶರ್ ಸ್ಕ್ರೀನಿಂಗ್' ಅಂತ ಹೆಸರು ಹಿಡಿದೇ ಕೇಳಿ, ಸೇವೆಯಲ್ಲಿ ವಿಷದ ಹೊಗೆ, ರಾಸಾಯನಿಕ ತಾಗಿತ್ತಾ ಅಂತ ಪ್ರಶ್ನೆ ಕೇಳುತ್ತಾರೆ, ಹತ್ತು ನಿಮಿಷದ ಕೆಲಸ. ಡಿಡಿ 214 (ಸೇನೆ ಬಿಟ್ಟಾಗ ಕೊಡುವ ಸೇವಾ ದಾಖಲೆ) ಪ್ರತಿ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ. ಫಾರ್ಮ್ ಅರ್ಥ ಆಗದಿದ್ದರೆ ನನಗೆ ಮೆಸೇಜ್ ಹಾಕಿ, ಆದರೆ ವೈದ್ಯಕೀಯ ರಿಪೋರ್ಟ್‌ಗಳನ್ನು ಗುಂಪಿಗೆ ಹಾಕಬೇಡಿ.