ದಡಾರಕ್ಕೆ 72 ಗಂಟೆಯ ಗಡುವು: ಅಮೆರಿಕದ ಆರೋಗ್ಯ ಕಾರ್ಯದರ್ಶಿಗೆ ಬಹಿರಂಗ ಪತ್ರ

ಮಾನ್ಯ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರಿಗೆ,

ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ದಡಾರದ ಮಗು ಸೋಂಕು ಹರಡತೊಡಗಿರುತ್ತದೆ. ಆಗ ಕಾಣುವುದು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪಾದ ಕಣ್ಣು. ಮನೆಯವರು ನೆಗಡಿ ಅಂದುಕೊಂಡು ಶಾಲೆಗೂ ಕಳಿಸಿರುತ್ತಾರೆ. ಮಗು ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು.

ಹತ್ತಿರ ಬಂದವರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ) ಲಸಿಕೆ ಕೊಟ್ಟು ರೋಗ ತಡೆಯಲು ಇರುವ ಗಡುವು, ಹತ್ತಿರ ಬಂದ ಹೊತ್ತಿನಿಂದ 72 ಗಂಟೆ. ದದ್ದಿಗೆ ಮುಂಚಿನ ಆ ನಾಲ್ಕು ದಿನ ಅಂದರೆ 96 ಗಂಟೆ. ದದ್ದು ಕಂಡು, ಗಂಟಲ ದ್ರವ ತೆಗೆದು, ಪಿಸಿಆರ್ ಫಲಿತಾಂಶ ಬರುವಷ್ಟರಲ್ಲಿ ಮೊದಲ ದಿನ ಹತ್ತಿರವಿದ್ದವರ ಗಡುವು ಮುಗಿದೇ ಹೋಗಿರುತ್ತದೆ. ಅವರಲ್ಲಿ ಅಪಾಯ ಹೆಚ್ಚಿರುವವರಿಗೆ ಉಳಿಯುವುದು ಆರು ದಿನದೊಳಗೆ ಕೊಡಬೇಕಾದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಔಷಧ. ಹಸುಗೂಸಿಗಾದರೆ ತೂಕದ ಪ್ರತಿ ಕಿಲೋಗೆ 0.5 ಮಿಲಿಲೀಟರ್, ಸ್ನಾಯುವಿಗೆ. ಗರ್ಭಿಣಿಗೆ ಎಂಎಂಆರ್ ಕೊಡುವಂತಿಲ್ಲ. ಅವರಿಗೆ ನಿರೋಧಕ ಶಕ್ತಿ ಇಲ್ಲವಾದರೆ ಇದೇ ಔಷಧ, ಕಿಲೋಗೆ 400 ಮಿಲಿಗ್ರಾಂ, ಡ್ರಿಪ್ ಹಾಕಿ. ಊರ ಕ್ಲಿನಿಕ್ಕಿನಲ್ಲಿ ನಿಂತ ಕಾಲಲ್ಲಿ ಆಗುವ ಕೆಲಸ ಇದಲ್ಲ.

ಇಷ್ಟನ್ನೂ ಓಡಾಡಿ ಮಾಡುವವರು ಕೌಂಟಿ (ನಮ್ಮ ಜಿಲ್ಲೆಯಂಥದು) ಆರೋಗ್ಯ ಇಲಾಖೆಯ ಸಿಬ್ಬಂದಿ. 2025ರ ಮಾರ್ಚ್‌ನಲ್ಲಿ ನಿಮ್ಮ ಇಲಾಖೆ ಕೋವಿಡ್ ಕಾಲದ ಸುಮಾರು 1,100 ಕೋಟಿ ಡಾಲರ್ ಅನುದಾನವನ್ನು ಹಿಂತೆಗೆದುಕೊಂಡಿತು. ಹೆಸರಿಗೆ ಕೋವಿಡ್ ಹಣ, ನಡೆಯುತ್ತಿದ್ದದ್ದು ಎಲ್ಲ ಲಸಿಕೆಯ ಕೆಲಸವೂ. ಟೆಕ್ಸಾಸ್ ರಾಜ್ಯದ ಡಾಲಸ್ ಕೌಂಟಿ 50ಕ್ಕೂ ಹೆಚ್ಚು ಲಸಿಕೆ ಶಿಬಿರಗಳನ್ನು ರದ್ದು ಮಾಡಬೇಕಾಯಿತು. ಅದೇ ರಾಜ್ಯದ ಗೇನ್ಸ್ ಕೌಂಟಿಯಲ್ಲಿ ಆಗ ದಡಾರ ಉರಿಯುತ್ತಿತ್ತು. ಮೊಕದ್ದಮೆ ಹೂಡಿದ ರಾಜ್ಯಗಳಿಗೆ, ಹಣ ಹಿಂತೆಗೆಯದಂತೆ ಕೋರ್ಟಿನ ತಡೆ ಸಿಕ್ಕಿತು. ಟೆಕ್ಸಾಸ್ ರಾಜ್ಯ ಆ ಸಾಲಿನಲ್ಲಿರಲಿಲ್ಲ. ಆಗಸ್ಟ್‌ನಲ್ಲಿ ಹಾವಳಿ ಮುಗಿಯಿತೆಂದು ಘೋಷಿಸುವಾಗ ಟೆಕ್ಸಾಸ್‌ನ ಲೆಕ್ಕ 762 ಪ್ರಕರಣ. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡಿದ್ದರು, ಇಬ್ಬರಿಗೂ ಲಸಿಕೆ ಆಗಿರಲಿಲ್ಲ.

ಇನ್ನು ಮೀನೆಣ್ಣೆಯ ಮಾತು. ಮಾರ್ಚ್‌ನಲ್ಲಿ ಟಿವಿ ಸಂದರ್ಶನದಲ್ಲಿ ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆಯುವ, ಎ ವಿಟಮಿನ್ ತುಂಬಿದ ಎಣ್ಣೆಯನ್ನು ಹೊಗಳಿದಿರಿ. ಏಪ್ರಿಲ್‌ನಲ್ಲಿ, ದಡಾರ ತಡೆಯಲು ಎಂಎಂಆರ್ ಲಸಿಕೆಯೇ ಅತ್ಯಂತ ಪರಿಣಾಮಕಾರಿ ಎಂದು ಬರೆದಿರಿ. ಎರಡನೆಯದೇ ಸರಿ, ಆದರೆ ಬಂದದ್ದು ತಡವಾಗಿ. ಅಷ್ಟರಲ್ಲಿ ಟೆಕ್ಸಾಸ್‌ನ ಲಬಕ್‌ನಲ್ಲಿ ದಡಾರಕ್ಕೆ ಆಸ್ಪತ್ರೆ ಸೇರಿದ ಕೆಲವು ಮಕ್ಕಳ ಯಕೃತ್ತಿನ ಪರೀಕ್ಷೆಯಲ್ಲಿ ಎ ವಿಟಮಿನ್ ಅತಿಯಾದ ಲಕ್ಷಣ ಕಂಡಿತ್ತು. ವೈದ್ಯರು ಎ ವಿಟಮಿನ್ ಕೊಡುವುದು ಕಾಯಿಲೆ ಬಿದ್ದ ಮಗುವಿಗೆ: ವರ್ಷ ತುಂಬಿದ್ದರೆ 2 ಲಕ್ಷ ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), 6ರಿಂದ 11 ತಿಂಗಳಿನ ಕೂಸಿಗೆ 1 ಲಕ್ಷ, ದಿನಕ್ಕೊಮ್ಮೆಯಂತೆ ಎರಡೇ ದಿನ. ಸಿ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಎ ಹೋಗದು, ಯಕೃತ್ತಿನಲ್ಲೇ ಕೂಡುತ್ತದೆ. ಮನೆಯಲ್ಲಿ ಆ ಎಣ್ಣೆಯನ್ನು ದಿನಾ ಚಮಚ ಚಮಚ ಕುಡಿಸಿದರೆ ಸೋಂಕೂ ನಿಲ್ಲುವುದಿಲ್ಲ, ಮೇಲೊಂದು ಕಾಯಿಲೆ ಬೇರೆ.

ನಿಮಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಕರ್ನಾಟಕದಿಂದ ಬರುವ ಮಗುವಿನ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಎರಡು ಸಲ ಬರೆದಿರುತ್ತದೆ: 9 ತಿಂಗಳು ತುಂಬಿದಾಗ, ಮತ್ತೆ 16ರಿಂದ 24 ತಿಂಗಳಲ್ಲಿ. ವರ್ಷ ತುಂಬುವ ಮುಂಚಿನ ಡೋಸ್ ಅಮೆರಿಕದಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರಿ ಲಸಿಕೆಯಲ್ಲಿ ಮಂಗನಬಾವಿನ ಭಾಗವೂ ಇಲ್ಲ. ಅಪ್ಪ ಅಮ್ಮ ಎರಡೂ ಆಯಿತೆಂದು ನಿಶ್ಚಿಂತೆಯಿಂದಿರುತ್ತಾರೆ, ಶಾಲೆ ಒಂದೇ ಎನ್ನುತ್ತದೆ. ಹಿಂದಿನ ಡೋಸ್ ಆಗಿ 28 ದಿನ ಕಳೆದಿದ್ದರೆ ಎಂಎಂಆರ್ ಹಾಕಿಸಿ ದಡಾರದ ಲೆಕ್ಕ ಸರಿಮಾಡಬಹುದು. ಅಮೆರಿಕದಿಂದ ಊರಿಗೆ ಹೊರಟ 6ರಿಂದ 11 ತಿಂಗಳಿನ ಕೂಸಿಗೆ ಪ್ರಯಾಣಕ್ಕೆ ಎರಡು ವಾರ ಮೊದಲು ಒಂದು ಹೆಚ್ಚುವರಿ ಡೋಸ್ ಬೇಕು. ವರ್ಷ ತುಂಬಿದ ಮೇಲೆ ಮಾಮೂಲಿ ಎರಡು ಇದ್ದೇ ಇವೆ.

ನಾವು ಕೇಳುವುದು ಇಷ್ಟೆ. 2019–20ರಲ್ಲಿ ಶೇ 95.2 ಇದ್ದ ಕಿಂಡರ್‌ಗಾರ್ಟನ್ ಮಕ್ಕಳ ಎಂಎಂಆರ್ ಲಸಿಕೆ ಪ್ರಮಾಣ 2024–25ಕ್ಕೆ ಶೇ 92.5ಕ್ಕೆ ಇಳಿದಿದೆ, ದಡಾರ ತಡೆಯಲು ಬೇಕಾದದ್ದು ಸುಮಾರು 95. ಕೌಂಟಿಗಳ ಶಿಬಿರಗಳಿಗೆ ಹಣ ಮರಳಿಸಿ. ಇಮ್ಯುನೊಗ್ಲಾಬ್ಯುಲಿನ್ ಯಾವ ಆಸ್ಪತ್ರೆಯಲ್ಲಿದೆ ಎಂಬ ಪಟ್ಟಿ, ಸಂಜೆ ಆರರ ಮೇಲೂ ಫೋನ್ ಎತ್ತುವ ನರ್ಸ್, ಇವೆರಡು ಪ್ರತಿ ಕೌಂಟಿಯಲ್ಲೂ ಇರುವಂತೆ ನೋಡಿಕೊಳ್ಳಿ. ಹೊರದೇಶದ ಲಸಿಕೆ ಕಾರ್ಡ್ ಓದುವ ಬಗೆಯನ್ನು ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮುನ್ನ, ಜೂನ್‌ನಲ್ಲೇ ಪೋಷಕರಿಗೆ ತಿಳಿಸಿ.

ಇಂತಿ,
ಸಾರ್ವಜನಿಕ ಆರೋಗ್ಯದ ಕೆಲಸ ಬಲ್ಲ ಕನ್ನಡಿಗರು